ಹಿಮಸರೋವರಕ್ಕೆ ಗುಡ್ಡ ಕುಸಿದರೆ ಏಳುವ ಅಲೆ: ಅಪಾಯದ ನಕ್ಷೆಗೆ ಯಾವ ತಂತ್ರಾಂಶ ಕಲಿಯಲಿ?

ಹಿಮಾಚಲದ ಇನ್ನೂರು ಸರೋವರಗಳು, 30 ಮೀಟರ್ ಚೌಕದ ಡಿಇಎಂ (ನೆಲದ ಎತ್ತರವನ್ನು ಚೌಕ ಚೌಕವಾಗಿ ದಾಖಲಿಸಿದ ದತ್ತಾಂಶ), ಎಂ.ಟೆಕ್. ಮುಗಿಸಲು ಉಳಿದಿರುವ ಒಂದು ವರ್ಷ, ಕೊನೆಗೆ ಕೆಂಪು-ಹಳದಿ-ಹಸಿರಿನ ಒಂದು ನಕ್ಷೆ. ನಿಮ್ಮ ಪ್ರಶ್ನೆ ನನ್ನದೇ ಹಳೆಯ ಯೋಜನಾ ಪ್ರಸ್ತಾವದಂತಿದೆ. ನೀರಿನ ಹರಿವನ್ನು ಲೆಕ್ಕಹಾಕುವ ಹೆಕ್-ರಾಸ್ ಕಲಿಯಲೋ, ಗುಡ್ಡಕುಸಿತದ ಹರಿವನ್ನು ಲೆಕ್ಕಹಾಕುವ ಆರ್.ಅವಾಫ್ಲೋ ಕಲಿಯಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಏಕೆ ಎಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ನಕ್ಷೆ ಮಾಡುವ ಕೆಲಸದಲ್ಲಿದ್ದೆ. ಲಾಹೌಲ್ ಕಣಿವೆಯ ಸರೋವರಗಳ ಪಟ್ಟಿ ನನ್ನ ಪಾಲಿಗೆ ಬಂತು. ಅದರಲ್ಲಿ ದೊಡ್ಡ ತಲೆನೋವು ಘೇಪಾಂಗ್ ಘಾಟ್. 4,068 ಮೀಟರ್ ಎತ್ತರದಲ್ಲಿರುವ ಈ ಸರೋವರದಿಂದ ಇಳಿಯುವ ಹಳ್ಳ ಸಿಸ್ಸು ಗ್ರಾಮದ ಬಳಿ ಚಂದ್ರಾ ನದಿ ಸೇರುತ್ತದೆ, ಅಲ್ಲೇ ಮನಾಲಿ-ಲೇಹ್ ಹೆದ್ದಾರಿ ಹಾದುಹೋಗುತ್ತದೆ. ಇಸ್ರೋ ಉಪಗ್ರಹ ಚಿತ್ರಗಳ ಪ್ರಕಾರ 1989ರಲ್ಲಿ 36.49 ಹೆಕ್ಟೇರ್ ಇದ್ದ ಸರೋವರ 2022ರಲ್ಲಿ 101.30 ಹೆಕ್ಟೇರ್ ಆಗಿತ್ತು. ಹಿಮನದಿ ಹಿಂದೆ ಸರಿದ ಜಾಗವನ್ನು ನೀರು ಆಕ್ರಮಿಸುತ್ತಾ ಹೋಗಿದೆ. ಈ ಸಂಗತಿ ನೆನಪಿರಲಿ, ನನ್ನ ಎಡವಟ್ಟೆಲ್ಲ ಇದರೊಳಗೇ ಇದೆ.

ನನ್ನ ವಿಧಾನ ನಿಮ್ಮದರಂತೆಯೇ ಸರಳವಾಗಿತ್ತು. ಡಿಇಎಂನಿಂದ ಇಳಿಜಾರಿನ ನಕ್ಷೆ ತೆಗೆದು, 30 ಡಿಗ್ರಿಗಿಂತ ಕಡಿದಾದ ಜಾಗಗಳನ್ನು ಸೋಸಿ, ಅಲ್ಲಿಂದ ಬೀಳುವುದು ನೀರಿಗೆ ತಲುಪುತ್ತದೆಯೇ ಎಂದು ನೋಡುವುದು. ಮೇಲಿನ ಬಂಡೆಗೋಡೆಗಳು, ಜೋತುಬಿದ್ದ ಹಿಮಗಡ್ಡೆಗಳು ಎಲ್ಲವೂ ಕೆಂಪಾದವು. ಸರೋವರದ ಎರಡೂ ಪಕ್ಕ ನಿಂತಿರುವ ಮೊರೇನ್, ಅಂದರೆ ಹಿಮನದಿ ತಂದು ಗುಡ್ಡೆ ಹಾಕಿದ ಕಲ್ಲುಮಣ್ಣಿನ ಏರಿ, ಅಚ್ಚ ಹಸಿರಾಗಿ ಉಳಿಯಿತು. ನನಗೆ ಅನುಮಾನವೇ ಬರಲಿಲ್ಲ. ಹಸಿರು ಬಂದರೆ ಯಾರಿಗೆ ತಾನೇ ಅನುಮಾನ?

ನೆಲದ ಎತ್ತರಕ್ಕೆ ನಾನು ಬಳಸಿದ್ದು ಎಸ್‌ಆರ್‌ಟಿಎಂ ದತ್ತಾಂಶ. ಬಾಹ್ಯಾಕಾಶ ನೌಕೆ ಅದನ್ನು ಅಳೆದದ್ದು 2000ದ ಫೆಬ್ರವರಿಯಲ್ಲಿ. ಇಂದು ನೀರು ನಿಂತಿರುವ ಎಷ್ಟೋ ಜಾಗದಲ್ಲಿ ಆಗ ಹಿಮನದಿಯೇ ಇತ್ತು. ಮೊರೇನಿನ ಒಳಮೈಗೆ ಆತುಕೊಂಡಿದ್ದ ಆ ಹಿಮ ಆಮೇಲೆ ಕರಗಿತು, ಆಸರೆ ತಪ್ಪಿದ ಗೋಡೆ ಬತ್ತಲಾಯಿತು. ಆದರೆ ನನ್ನ ಕಂಪ್ಯೂಟರಿನಲ್ಲಿ ಆ ಗೋಡೆ ಹುಟ್ಟಿಯೇ ಇರಲಿಲ್ಲ! ಸರೋವರದ ಗಡಿಯನ್ನು ಹೊಸ ಚಿತ್ರದಿಂದ ಎಳೆದೆ, ನೆಲದ ಎತ್ತರವನ್ನು ಹಳೆಯ ದತ್ತಾಂಶದಿಂದ ತೆಗೆದೆ. ಎರಡರ ನಡುವಿನ ವರ್ಷಗಳಲ್ಲಿ ಏನು ಕರಗಿತೋ ಅದೇ ನಾನು ಹುಡುಕಬೇಕಿದ್ದ ಅಪಾಯ.

ಡಿಇಎಂ ಹೊಸದೇ ಆಗಿದ್ದರೂ ಪೂರ್ತಿ ಬಚಾವಾಗುತ್ತಿರಲಿಲ್ಲ. ಇಳಿಜಾರು ಲೆಕ್ಕ ಹಾಕುವಾಗ ತಂತ್ರಾಂಶ ಪ್ರತಿ ಚೌಕದ ಆಚೀಚೆಯ ಚೌಕಗಳ ಎತ್ತರವನ್ನು ಹೋಲಿಸುತ್ತದೆ, ಅಂದರೆ 60 ಮೀಟರ್ ಅಂತರದಲ್ಲಿ ಎಷ್ಟು ಇಳಿಯಿತು ಎಂದು ಕೇಳುತ್ತದೆ. 30 ಮೀಟರ್ ಎತ್ತರದ, 45 ಡಿಗ್ರಿ ಕಡಿದಾದ ಏರಿಯೊಂದಿದೆ ಎನ್ನಿ. 60 ಮೀಟರಿಗೆ 30 ಮೀಟರ್ ಇಳಿತ ಎಂದರೆ 27 ಡಿಗ್ರಿಗೂ ಕಡಿಮೆ. ನಿಮ್ಮ 30 ಡಿಗ್ರಿಯ ಜರಡಿಯಲ್ಲಿ ಅದು ಉಳಿಯುವುದಿಲ್ಲ.

ವರದಿ ಪರಿಶೀಲಿಸಿದ ಹಿರಿಯ ಭೂವಿಜ್ಞಾನಿಯೊಬ್ಬರು ಒಂದೇ ಒಂದು ಛಾಯಾಚಿತ್ರ ಲಗತ್ತಿಸಿ, "ಈ ಗೋಡೆ ನಿಮ್ಮ ನಕ್ಷೆಯಲ್ಲಿ ಎಲ್ಲಿದೆ?" ಎಂದು ಬರೆದು ಕಳುಹಿಸಿದರು. ಉತ್ತರವಿರಲಿಲ್ಲ. ಯೋಜನೆಯ ಎರಡನೇ ಹಂತ ನಮ್ಮ ಕೈತಪ್ಪಿತು, ಸ್ವಲ್ಪ ದಿನಕ್ಕೆ ನನ್ನ ಕೆಲಸವೂ ಹೋಯಿತು. ಆಮೇಲೆ ನನ್ನ ಖರ್ಚಿನಲ್ಲೇ ಸಿಸ್ಸುವಿನಿಂದ ಹತ್ತಿ ಹೋದೆ. ಹುಲ್ಲುಕಡ್ಡಿಯೂ ಇಲ್ಲದ ಬೂದುಬಣ್ಣದ ಗೋಡೆ. ಬಿಸಿಲೇರುತ್ತಿದ್ದಂತೆ ಅಲ್ಲಲ್ಲಿ ಒದ್ದೆಯ ಪಟ್ಟಿ ಮೂಡಿ, ಅದರ ಕೆಳಗಿನಿಂದ ಕಲ್ಲುಗಳು ಒಂದೊಂದೇ ಕಳಚಿ ನೀರಿಗೆ ಉರುಳುತ್ತಿದ್ದವು. ಮಣ್ಣಿನೊಳಗೆ ಹೂತ ಹಿಮ ಕರಗುತ್ತಿದೆ ಎಂದು ತಿಳಿಯಲು ಪದವಿ ಬೇಕಿರಲಿಲ್ಲ.

ಇದೆಲ್ಲ ಅತಿಯಾಯಿತು ಎನಿಸಿದರೆ ಸಿಕ್ಕಿಂನ ದಕ್ಷಿಣ ಲ್ಹೋನಕ್ ನೋಡಿ. 2023ರ ಅಕ್ಟೋಬರ್ 3ರ ರಾತ್ರಿ ಅಲ್ಲಿ ಕುಸಿದದ್ದು ದೂರದ ಶಿಖರವಲ್ಲ, ಸರೋವರದ ಪಕ್ಕದ ಮೊರೇನ್. ಹೆಪ್ಪುಗಟ್ಟಿದ ಸುಮಾರು 1.47 ಕೋಟಿ ಘನ ಮೀಟರ್ ಕಲ್ಲುಮಣ್ಣು ನೀರಿಗೆ ಬಿದ್ದು ಸುಮಾರು 20 ಮೀಟರ್ ಎತ್ತರದ ಅಲೆ ಎದ್ದಿತು. ಅಲೆ ಮುಂಭಾಗದ ಏರಿಯನ್ನು ಕೊರೆಯಿತು, ಸುಮಾರು 5 ಕೋಟಿ ಘನ ಮೀಟರ್ ನೀರು ಹೊರನುಗ್ಗಿತು. ಚುಂಗ್ತಾಂಗ್‌ನಲ್ಲಿದ್ದ 1,200 ಮೆಗಾವಾಟ್‌ನ ತೀಸ್ತಾ-3 ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು. ಆ ಪಕ್ಕದ ಮೊರೇನ್ ವರ್ಷಕ್ಕೆ 15 ಮೀಟರ್‌ವರೆಗೂ ಜರುಗುತ್ತಿದ್ದುದು ಉಪಗ್ರಹ ದತ್ತಾಂಶದಲ್ಲಿ ದಾಖಲಾಗಿತ್ತು, ಅದನ್ನು ಬಿಡಿಸಿ ಓದಿದ್ದು ದುರಂತದ ನಂತರ. ಸರೋವರದ ಮೇಲೆ ಯಾರ ಕಣ್ಣೂ ಇರಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರೂ ಇದ್ದ ತಂಡವೊಂದು 2021ರಲ್ಲೇ ಇದರ ಪ್ರವಾಹದ ಅಪಾಯವನ್ನು ಲೆಕ್ಕಹಾಕಿತ್ತು. ಪೈಪ್ ಹಾಕಿ ನೀರು ಇಳಿಸುವ ಪ್ರಯತ್ನ 2016ರಲ್ಲೇ ನಡೆದಿತ್ತು.

ಹಾಗಾಗಿ ನೀವು ಮೊದಲು ಕೇಳಬೇಕಾದದ್ದು ಯಾವ ಇಳಿಜಾರು, ಎಷ್ಟು ದಪ್ಪ, ಎಷ್ಟು ವೇಗ ಎಂದು. ವೇಗ ಎಂದು ಒತ್ತಿ ಹೇಳಲು ಕಾರಣವಿದೆ. ಜ್ಯೂರಿಕ್‌ನ ಇಟಿಎಚ್ ಪ್ರಯೋಗಾಲಯದವರು ಕಾಲುವೆಯಂಥ ತೊಟ್ಟಿಯಲ್ಲಿ ಪ್ರಯೋಗ ಮಾಡಿ ರೂಪಿಸಿದ ಸೂತ್ರದಲ್ಲಿ, ಬೇರೆಲ್ಲ ಹಾಗೇ ಇದ್ದು ವೇಗವೊಂದೇ ಇಮ್ಮಡಿಯಾದರೆ ಅಲೆಯ ಎತ್ತರ ಹೆಚ್ಚುಕಡಿಮೆ ಮುಕ್ಕಾಲು ಪಾಲು ಏರುತ್ತದೆ. ರಾಶಿಯ ತೂಕವೊಂದೇ ಇಮ್ಮಡಿಯಾದರೆ ಏರುವುದು ಶೇ 15ರಷ್ಟು. ನಮ್ಮವರೆಲ್ಲ ತಿಂಗಳುಗಟ್ಟಲೆ ಗುದ್ದಾಡುವುದು ರಾಶಿಯ ಗಾತ್ರದ ಜೊತೆ!

ವೇಗದ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಇಟಲಿಯ ವಾಯೋಂಟ್ ಜಲಾಶಯಕ್ಕೆ ಪಡುವಾ ವಿಶ್ವವಿದ್ಯಾಲಯದವರು 1:200 ಪ್ರಮಾಣದ ಮಾದರಿ ಕಟ್ಟಿ, ಜಲ್ಲಿಕಲ್ಲು ಜಾರಿಸಿ ಪರೀಕ್ಷಿಸಿದ್ದರು. ನೀರು ಸಮುದ್ರಮಟ್ಟದಿಂದ 700 ಮೀಟರ್ ಮಟ್ಟದಲ್ಲಿದ್ದರೆ ಭಯವಿಲ್ಲ ಎಂಬ ಫಲಿತಾಂಶ ಬಂದಿತ್ತು. 1963ರ ಅಕ್ಟೋಬರ್ 9ರ ರಾತ್ರಿ ನೀರು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿದ್ದಾಗ ಸುಮಾರು 26 ಕೋಟಿ ಘನ ಮೀಟರ್ ಬೆಟ್ಟ ಒಂದೇ ರಾಶಿಯಾಗಿ, ಮಾದರಿಯಲ್ಲಿ ಯಾರೂ ಎಣಿಸದಷ್ಟು ವೇಗವಾಗಿ ಜಾರಿತು. ಅಲೆ ದಾಟಿಹೋದರೂ ಅಣೆಕಟ್ಟು ಗಟ್ಟಿಯಾಗಿ ನಿಂತಿತು, ಕೆಳಗಿನ ಲೊಂಗರೋನೆ ಪಟ್ಟಣ ಉಳಿಯಲಿಲ್ಲ. ಸತ್ತವರು ಸುಮಾರು 2,000.

ಈಗ ನಿಮ್ಮ ಕೆಲಸಕ್ಕೆ ಬರೋಣ. ಇನ್ನೂರು ಸರೋವರ ಬಿಡಿ, ಅಂಥ ಪಟ್ಟಿಗಳು ಈಗಾಗಲೇ ಬೇಕಾದಷ್ಟಿವೆ. ಒಂದೇ ಒಂದನ್ನು ಹಿಡಿಯಿರಿ. ಹಿಮಾಲಯವೂ ಸೇರಿದ ಏಷ್ಯಾದ ಎತ್ತರದ ಪರ್ವತಗಳ (ಹೈ ಮೌಂಟನ್ ಏಷ್ಯಾ) 8 ಮೀಟರ್ ಡಿಇಎಂ ಉಚಿತವಾಗಿ ಸಿಗುತ್ತದೆ, ಅದರ ತುಣುಕು ಯಾವ ವರ್ಷದ ಚಿತ್ರದಿಂದ ಮಾಡಿದ್ದು ಎಂದು ನೋಡಿ, ಅದೇ ಕಾಲದ ಸರೋವರದ ಗಡಿಯೊಂದಿಗೆ ಹೊಂದಿಸಿ. ನಂತರ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳಿಂದ ದಂಡೆ ಜರುಗುತ್ತಿದೆಯೇ ಎಂದು ಪರೀಕ್ಷಿಸಿ. ವಿಸ್ತೀರ್ಣದಿಂದ ನೀರಿನ ಪ್ರಮಾಣ ಊಹಿಸುವ ಸೂತ್ರಗಳು ಒಟ್ಟು ನೀರಿಗೆ ಸಾಕು, ಗುಡ್ಡ ಬೀಳುವ ಜಾಗದ ಆಳವನ್ನು ಅವು ಹೇಳುವುದಿಲ್ಲ. ಆಳ ಅಳೆದ ದತ್ತಾಂಶ ಇರುವ ಸರೋವರವನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಷ್ಟಾದ ಮೇಲೆ ತಂತ್ರಾಂಶ. ಗುಡ್ಡ ಜಾರಿ, ನೀರಿಗೆ ಬಿದ್ದು, ಅಲೆ ಮೊರೇನಿನ ಏರಿಯನ್ನು ದಾಟುವವರೆಗಿನ ಸರಣಿಗೆ ಆರ್.ಅವಾಫ್ಲೋ, ಆಮೇಲೆ ಕಣಿವೆಯಲ್ಲಿ ನೀರು ಎಲ್ಲಿಗೆ ಮುಟ್ಟುತ್ತದೆ ಎನ್ನಲು ಹೆಕ್-ರಾಸ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಒಂದೇ ಸರೋವರ ಎಂದರೆ ಮಾರ್ಗದರ್ಶಕರು ಮುಖ ಸಿಂಡರಿಸಬಹುದು. ಎಸ್‌ಆರ್‌ಟಿಎಂ ಇಳಿಜಾರಿನ ನಕ್ಷೆಯ ಮೇಲೆ ಈ ವರ್ಷದ ಸರೋವರದ ಗಡಿ ಎಳೆದು ಅವರಿಗೆ ತೋರಿಸಿ, ದಂಡೆಯ ಗೋಡೆ ಎಲ್ಲಿದೆ ಎಂದು ಅವರನ್ನೇ ಕೇಳಿ.