ಸ್ಟಾಕ್‌ಹೋಮ್‌ನ ಕತ್ತಲೆ, ಮಗನ ಬೇಜಾರು

ಬ್ರಹ್ಮಾವರದ ಓದುಗರೊಬ್ಬರು ಬರೆದಿದ್ದಾರೆ: "ಮಗ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇದು ಅವನಿಗೆ ಅಲ್ಲಿ ಎರಡನೇ ಚಳಿಗಾಲ. ದೀಪಾವಳಿ ಕಳೆದ ಮೇಲೆ ಫೋನಿನಲ್ಲಿ ಮಾತೇ ಇಲ್ಲ. ರಾತ್ರಿ ಒಂಬತ್ತಕ್ಕೆ ನಾನೇ ಮಾಡುತ್ತೇನೆ. 'ಸುಸ್ತಮ್ಮ, ನಿದ್ದೆ ಬರ್ತದೆ' ಅನ್ನುತ್ತಾನೆ. ರಜೆ ದಿನ ಮಧ್ಯಾಹ್ನದವರೆಗೂ ಮಲಗಿರುತ್ತಾನಂತೆ. ಮೈ ಬೇರೆ ದಪ್ಪ ಆಗಿದೆ. ಹೋದ ವರ್ಷವೂ ಹೀಗೇ ಇದ್ದ, ಏಪ್ರಿಲ್‌ನ ಬಿಸು ಹಬ್ಬದ ಹೊತ್ತಿಗೆ ಮೊದಲಿನ ಹಾಗೆ ಆದ. ಇವರು ಮಾತ್ರ 'ಆಟಿ ತಿಂಗಳ ಮಳೆಯಲ್ಲಿ ನಾವೆಲ್ಲ ಬದುಕಲಿಲ್ವಾ? ಚಳಿಗೆ ಯಾರಿಗಾದ್ರೂ ಬೇಜಾರಾಗ್ತದಾ? ಎಲ್ಲ ಉದಾಸೀನ' ಅನ್ನುತ್ತಾರೆ. ನೆಂಟರು ಮದುವೆ ಮಾಡಿಸಿ ಅನ್ನುತ್ತಾರೆ. ನಾನು ಹರಕೆ ಹೇಳಿಕೊಂಡಿದ್ದೇನೆ. ಜನವರಿಯಲ್ಲಿ ಹೋಗಿ ಅವನ ಜೊತೆ ಸ್ವಲ್ಪ ದಿನ ಇರಲಾ? ಹೆಸರು ಹಾಕಬೇಡಿ."

ಅಕ್ಕಾ,

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಒಂದೇ ಮಾತು. ಹೋದ ವರ್ಷವೂ ಹೀಗೇ ಇದ್ದ, ಬಿಸು ಹೊತ್ತಿಗೆ ಸರಿಯಾದ ಅಂದಿರಲ್ಲ, ಅದು. ಡಾಕ್ಟರರು ಮೊದಲು ಕೇಳುವುದೂ ಇದನ್ನೇ. ಒಂದು ಚಳಿಗಾಲದಲ್ಲಿ ಮಂಕಾಗುವುದಕ್ಕೆ ನೂರು ಕಾರಣ ಇರಬಹುದು. ಸತತ ಎರಡು ವರ್ಷ ಅದೇ ತಿಂಗಳಲ್ಲಿ ಶುರುವಾಗಿ, ಅದೇ ತಿಂಗಳಲ್ಲಿ ಬಿಟ್ಟುಹೋಗುತ್ತದೆ ಅಂದರೆ ಋತುವಿನ ಜೊತೆ ಬಂದು ಹೋಗುವ ಖಿನ್ನತೆ ಇರಬಹುದಾ ಎಂದು ನೋಡಬೇಕಾಗುತ್ತದೆ. ಇದಕ್ಕೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಎಂಬ ಹೆಸರಿದೆ. ನಿಮ್ಮ ಮಗನಿಗೆ ಇದೇ ಆಗಿದೆ ಎಂದು ನಾನು ಮಂಗಳೂರಿನಲ್ಲಿ ಕೂತು ಹೇಳುವ ಹಾಗಿಲ್ಲ. ಅವನನ್ನು ನೋಡಿದ ಡಾಕ್ಟರರೇ ಹೇಳಬೇಕು. ಆದರೆ ನೀವು ಬರೆದ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಖಿನ್ನತೆ ಎಂದರೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದೇ ನಾವು ತಿಳಿದಿರುತ್ತೇವೆ ಅಲ್ವಾ? ಚಳಿಗಾಲದ್ದು ಹೆಚ್ಚಾಗಿ ಇದಕ್ಕೆ ಉಲ್ಟಾ. ಎಷ್ಟು ಮಲಗಿದರೂ ನಿದ್ದೆ ಸಾಲುವುದಿಲ್ಲ. ಅನ್ನ, ಬ್ರೆಡ್, ಸಿಹಿ ಜಾಸ್ತಿ ಬೇಕೆನಿಸುತ್ತದೆ. ಮೈ ತೂಕ ಏರುತ್ತದೆ. ಯಾರ ಮುಖವೂ ನೋಡುವುದು ಬೇಡ ಅನ್ನಿಸುತ್ತದೆ. ಹಾಗಾಗಿಯೇ ನೋಡುವವರಿಗೆ ಅದು ಕಾಯಿಲೆಯ ಹಾಗೆ ಕಾಣುವುದಿಲ್ಲ, ಸೋಮಾರಿತನದ ಹಾಗೆ ಕಾಣುತ್ತದೆ. ನಿಮ್ಮ ಯಜಮಾನರಿಗೆ ಉದಾಸೀನ ಅನ್ನಿಸಿದ್ದೂ ಇದೇ ಕಾರಣಕ್ಕೆ.

ಈ ತೊಂದರೆಯನ್ನು ಮೊದಲು ಸರಿಯಾಗಿ ವಿವರಿಸಿದವರು ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು. ಅವರು ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ, ಒಳ್ಳೆ ಬಿಸಿಲಿನ ಊರಲ್ಲಿ. 1976ರಲ್ಲಿ ನ್ಯೂಯಾರ್ಕ್‌ಗೆ ಹೋದರು. ಚಳಿಗಾಲ ಬಂದಾಗ ಅವರಿಗೇ ಕೆಲಸದಲ್ಲಿ ಕೈ ಓಡಲಿಲ್ಲ, ವಸಂತ ಬಂದ ಮೇಲೆ ಮತ್ತೆ ಉತ್ಸಾಹ ಬಂತು. ಮುಂದೆ ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಂಥವರನ್ನು ಹುಡುಕಿ, ಜೊತೆಯವರೊಂದಿಗೆ 1984ರಲ್ಲಿ ಪ್ರಬಂಧ ಪ್ರಕಟಿಸಿದರು. ಬಿಸಿಲಿನ ಊರು ಬಿಟ್ಟು ಹೋದ ವೈದ್ಯನಿಗೇ ಹೀಗಾಯಿತು ಎಂಬುದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಅವರ ಆಟಿಯ ಪ್ರಶ್ನೆಗೂ ಉತ್ತರ ಕೊಡಬೇಕು. ಅದು ನ್ಯಾಯವಾದ ಪ್ರಶ್ನೆಯೇ. ಚಳಿಗೆ ಬೇಜಾರಾಗುತ್ತದಾ ಅಂದರೆ, ಇಲ್ಲಿ ದೊಡ್ಡ ಕಾರಣ ಚಳಿ ಅಲ್ಲವೇ ಅಲ್ಲ. ಬೆಳಕು ಕಮ್ಮಿಯಾಗುವುದು. ನಮ್ಮ ಕರಾವಳಿಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದೂಕಾಲು ಗಂಟೆಗಿಂತ ಜಾಸ್ತಿ ಇರುತ್ತದೆ. ಜುಲೈ-ಆಗಸ್ಟ್‌ನ ಆಟಿಯಲ್ಲಂತೂ ಹಗಲು ಹನ್ನೆರಡೂವರೆ ಗಂಟೆಗೂ ಮೇಲೆ. ಮೋಡ ಕವಿದಿದ್ದರೂ ನಾವು ಜಗಲಿಯಲ್ಲಿ ಕೂತಿರುತ್ತೇವೆ, ಬಾಗಿಲು ತೆರೆದಿರುತ್ತದೆ, ತೋಟಕ್ಕೆ ಹೋಗುವಾಗ ತಲೆಗೆ ಗೊರಬು ಇದ್ದರೂ ಕಣ್ಣಿಗೆ ಬೆಳಕು ಬೀಳುತ್ತದೆ. ಪತ್ರೊಡೆ ಮಾಡಿದರೆ ಪಕ್ಕದ ಮನೆಗೂ ಹೋಗುತ್ತದೆ, ವೇಷ ಕಟ್ಟಿ ಕುಣಿಯುವ ಕಳೆಂಜ ಮನೆ ಬಾಗಿಲಿಗೇ ಬರುತ್ತಾನೆ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವಾಗ ಬೆಳಗ್ಗೆ 8.45 ಆಗುತ್ತದೆ. ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗಿಯಾಗಿರುತ್ತದೆ. ಇರುವ ಆರು ಗಂಟೆಯಲ್ಲೂ ಸೂರ್ಯ ನೆತ್ತಿಗೆ ಬರುವುದಿಲ್ಲ, ದಿಗಂತದಿಂದ ಏಳು ಡಿಗ್ರಿ ಮೇಲೆ ಏರಿ ವಾಪಸು ಇಳಿಯುತ್ತಾನೆ. ಆ ಹೊತ್ತಿನಲ್ಲಿ ನಿಮ್ಮ ಮಗ ಆಫೀಸಿನ ಒಳಗೆ ಇರುತ್ತಾನೆ.

ಮನೆಯೊಳಗಿನ ಬೆಳಕು ಸಾಲದಾ ಅಂದರೆ, ಸಾಲದು. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಮುನ್ನೂರರಿಂದ ಐನೂರು ಲಕ್ಸ್ ಸಿಗಬಹುದು. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಲಕ್ಷದ ಹತ್ತಿರ. ಕಣ್ಣಿಗೆ ಈ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ, ಮೆದುಳಿಗೆ ತಿಳಿಯುತ್ತದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಎಷ್ಟಿದೆ ಎಂದು ಮೆದುಳಿಗೆ ಸುದ್ದಿ ಕಳಿಸುವ ಬೇರೆಯೇ ಜೀವಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ಆ ಸುದ್ದಿ ನೋಡಿಕೊಂಡೇ ನಮ್ಮೊಳಗಿನ ಗಡಿಯಾರ ಹಗಲು ಶುರುವಾಯಿತು, ಇನ್ನು ಎದ್ದಿರು ಅನ್ನುತ್ತದೆ. ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಆಗ ಇಳಿಯುತ್ತದೆ. ಬೆಳಗ್ಗೆ ಬೆಳಕೇ ಬೀಳದಿದ್ದರೆ ಈ ಗಡಿಯಾರ ಹಿಂದೆ ಬೀಳುತ್ತದೆ. ಅಲಾರಂ ಹೊಡೆದಾಗ ಅವನು ಏಳುತ್ತಾನೆ, ಮೈಗೆ ಇನ್ನೂ ನಡುರಾತ್ರಿ. ಪೂರ್ತಿ ಕಾರಣ ಇಷ್ಟೇ ಅಲ್ಲ, ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ಅದೇ ಕತ್ತಲೆಯಲ್ಲಿ ಇನ್ನೊಬ್ಬ ಆರಾಮಾಗಿರುವುದೂ ಉಂಟು. ಅದನ್ನು ತೋರಿಸಿ ನಿಮ್ಮ ಮಗನಿಗೆ ಗಟ್ಟಿತನ ಇಲ್ಲ ಎಂದು ಯಾರೂ ಹೇಳಬಾರದು.

ಈಗ ನೀವು ಇವತ್ತೇ ಮಾಡಬಹುದಾದ ಒಂದು ಕೆಲಸ. ಫೋನಿನ ಹೊತ್ತು ಬದಲಾಯಿಸಿ. ಚಳಿಗಾಲದಲ್ಲಿ ಸ್ವೀಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನೀವು ರಾತ್ರಿ ಒಂಬತ್ತಕ್ಕೆ ಮಾಡುವಾಗ ಅವನಿಗೆ ಸಂಜೆ ನಾಲ್ಕೂವರೆ. ಸೂರ್ಯ ಮುಳುಗಿ ಒಂದೂವರೆ ಗಂಟೆ ಕಳೆದಿರುತ್ತದೆ. ಅವನು ಸೋತು ಕೂತ ಹೊತ್ತು ಅದು. ಅದರ ಬದಲು ಶನಿವಾರ, ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ, ಎರಡು ಗಂಟೆಗೆ ಮಾಡಿ. ಅಲ್ಲಿ ಬೆಳಗ್ಗೆ ಒಂಬತ್ತೂವರೆ ಆಗಿರುತ್ತದೆ, ಬೆಳಕು ಬಂದಿರುತ್ತದೆ. "ಜಾಕೆಟ್ ಹಾಕ್ಕೊಂಡು ಹೊರಗೆ ಹೋಗು ಮಗಾ, ನಡೀತಾ ಮಾತಾಡುವ" ಅನ್ನಿ. ಮೋಡ ಇದ್ದರೂ ಪರವಾಗಿಲ್ಲ, ಹೊರಗಿನ ಮೋಡದ ಬೆಳಕು ಕೋಣೆಯ ಬೆಳಕಿಗಿಂತ ಎಷ್ಟೋ ಪಾಲು ಜಾಸ್ತಿ. ಮೀನು ಮಾರ್ಕೆಟ್ಟಿನಲ್ಲಿ ಏನು ಬಂತು, ಬಾವಿ ಹತ್ತಿರದ ಹಲಸಿನ ಮರ ಏನಾಯಿತು, ಅಂಥದ್ದೇ ಹೇಳಿ. "ಯಾಕೆ ಹೀಗಾದೆ?" ಎಂದು ಕೇಳಬೇಡಿ. ಅವನಿಗೂ ಅದಕ್ಕೆ ಉತ್ತರ ಗೊತ್ತಿಲ್ಲ.

ಎರಡನೆಯದು ಡಾಕ್ಟರು. ಅವನು ಇರುವಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1177ಕ್ಕೆ ಫೋನ್ ಮಾಡಿ ಕೇಳಲಿ. ಅದು ಸ್ವೀಡನ್ನಿನ ಆರೋಗ್ಯ ಸಲಹೆಯ ನಂಬರು. ಇದಕ್ಕೆಂದೇ ಇರುವ ಲೈಟ್ ಬಾಕ್ಸ್ ಎಂಬ ದೀಪವನ್ನು ಡಾಕ್ಟರು ಹೇಳಬಹುದು. ಹತ್ತು ಸಾವಿರ ಲಕ್ಸ್ ಕೊಡುವ ದೀಪ. ಬೆಳಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂರಬೇಕು. ದೀಪವನ್ನೇ ದಿಟ್ಟಿಸಬೇಕಾಗಿಲ್ಲ, ತಿಂಡಿ ತಿನ್ನಬಹುದು, ಓದಬಹುದು. ಡಬ್ಬಿಯ ಮೇಲೆ ಎಷ್ಟು ದೂರ ಎಂದು ಬರೆದಿರುತ್ತದೋ ಅಷ್ಟೇ ದೂರ ಇಡಬೇಕು, ದೂರ ಹೋದ ಹಾಗೆ ಬೆಳಕು ತೀರಾ ಕಮ್ಮಿ ಆಗುತ್ತದೆ. ಒಂದೆರಡು ವಾರದಲ್ಲಿ ಹಲವರಿಗೆ ಗುಣ ಕಾಣುತ್ತದೆ. ಆದರೆ ಕಣ್ಣಿನ ಕಾಯಿಲೆ ಇದ್ದರೆ, ಅಥವಾ ಕೆಲವು ತಿಂಗಳು ಅತಿ ಹುರುಪು, ಕೆಲವು ತಿಂಗಳು ಪೂರ್ತಿ ಕುಸಿತ ಎಂಬಂಥ ಬೈಪೋಲಾರ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ದೀಪದ ಮುಂದೆ ಕೂರಲೇಬಾರದು. ಮಾತಿನ ಚಿಕಿತ್ಸೆ ಇದೆ, ಮಾತ್ರೆಗಳೂ ಇವೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಮಾತಿನ ಚಿಕಿತ್ಸೆ ಪಡೆದವರಿಗೆ ಎರಡು ಚಳಿಗಾಲ ಕಳೆದ ಮೇಲೆ ಇದು ಮತ್ತೆ ಬಂದದ್ದು ದೀಪ ಬಳಸಿದವರಿಗಿಂತ ಕಮ್ಮಿ. ವಿಟಮಿನ್ ಡಿ ಅಲ್ಲಿ ನಮ್ಮವರಿಗೆ ಕಮ್ಮಿಯಾಗುವುದು ನಿಜ, ಪರೀಕ್ಷೆ ಮಾಡಿಸಲಿ. ಆದರೆ ಆ ಗುಳಿಗೆ ಒಂದರಿಂದಲೇ ಮನಸ್ಸು ಸರಿಯಾಗುತ್ತದೆ ಎಂದು ಕಾಯುವುದು ಬೇಡ.

ಅಲ್ಲಿಯವರೂ ಈ ಕತ್ತಲೆಯನ್ನು ಸುಮ್ನೆ ಸಹಿಸಿಕೊಂಡು ಕೂತಿಲ್ಲ. ಡಿಸೆಂಬರ್ ಪೂರ್ತಿ ಮನೆಮನೆಯ ಕಿಟಕಿಯಲ್ಲಿ ದೀಪ ಇಡುತ್ತಾರೆ, 13ರಂದು ಲೂಸಿಯಾ ಹಬ್ಬ ಮಾಡುತ್ತಾರೆ. ಪಕ್ಕದ ನಾರ್ವೆಯ ರ್ಯೂಕನ್ ಎಂಬ ಊರು ಕಣಿವೆಯ ಒಳಗಿದೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಗುಡ್ಡದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ತಿರುಗಿಸಿಕೊಂಡರು. ಹುಟ್ಟಿನಿಂದ ಅಲ್ಲೇ ಇರುವವರಿಗೇ ಬೆಳಕು ಇಷ್ಟು ಬೇಕಾದರೆ ಬ್ರಹ್ಮಾವರದಿಂದ ಹೋದ ಹುಡುಗನಿಗೆ ಬೇಡವಾ?

ಮದುವೆಯ ಮಾತು ಈಗ ಎತ್ತಲೇಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಗುಣವಾಗದ ಬೇಜಾರಿನ ಜೊತೆ ಒಬ್ಬ ಹುಡುಗಿಯನ್ನು ಆ ಕತ್ತಲೆಗೆ ಕಳಿಸಿದರೆ ಇಬ್ಬರಿಗೂ ಅನ್ಯಾಯ. ಅವನು ಹುಷಾರಾದ ಮೇಲೆ, ಬೇಕು ಅಂದ ಮೇಲೆ ನೋಡಿದರಾಯಿತು. ಹರಕೆ ನಿಮ್ಮದು, ಅದರಿಂದ ನಿಮಗೆ ಧೈರ್ಯ ಬರುತ್ತದೆ ಅಂದರೆ ಖಂಡಿತ ತೀರಿಸಿ. ಡಾಕ್ಟರನ್ನು ಕಾಣುವುದಕ್ಕೂ ಅದಕ್ಕೂ ಜಗಳ ಇಲ್ಲ.

ಇನ್ನೊಂದು ಕಷ್ಟದ ಮಾತು. "ನಾನು ಇದ್ದು ಎಂತ ಪ್ರಯೋಜನ" ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ, ಸ್ನಾನ ಊಟ ಬಿಟ್ಟರೆ, ಕೆಲಸಕ್ಕೆ ಹೋಗುವುದು ನಿಲ್ಲಿಸಿದರೆ, ಕುಡಿತ ಜಾಸ್ತಿಯಾದರೆ ಕಾಯಬೇಡಿ. ಸಾಯುವ ಯೋಚನೆ ಬರುತ್ತದಾ ಎಂದು ನೇರ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ಕೇಳುವವರು ಇದ್ದಾರೆ ಎಂದು ಅವನಿಗೆ ಗೊತ್ತಾಗುತ್ತದೆ. ಅಲ್ಲಿ ತುರ್ತಿಗೆ 112. ಅವನ ರೂಮಿನ ಹತ್ತಿರದ ಒಬ್ಬ ಗೆಳೆಯನ ನಂಬರು ಈಗಲೇ ತೆಗೆದಿಟ್ಟುಕೊಳ್ಳಿ. ನಿಮಗೇ ರಾತ್ರಿ ನಿದ್ದೆ ಬಾರದಿದ್ದರೆ ನಮ್ಮ ಸರ್ಕಾರದ ಟೆಲಿ ಮಾನಸ್ ಇದೆ, 14416. ಯಾವ ಹೊತ್ತಿಗೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜನವರಿಯಲ್ಲಿ ಹೋಗಲಾ ಎಂದು ಕೇಳಿದ್ದೀರಿ. ಅನುಕೂಲ ಇದ್ದರೆ, ವೀಸಾ ಸಿಕ್ಕಿದರೆ ಹೋಗಿ. ಏಪ್ರಿಲ್‌ನಲ್ಲಿ ಊರು ನೋಡಲು ಚೆನ್ನಾಗಿರುತ್ತದೆ ನಿಜ, ಆದರೆ ಅವನಿಗೆ ಜೊತೆ ಬೇಕಾಗಿರುವುದು ಈಗ. ಹಪ್ಪಳ, ಉಪ್ಪಿನಕಾಯಿ ಕಟ್ಟುವುದು ಇದ್ದೇ ಇದೆ. ಒಳ್ಳೆ ಉಣ್ಣೆ ಬಟ್ಟೆ, ಜಾರದ ಬೂಟು ಇಲ್ಲದೆ ಮಾತ್ರ ಹೊರಡಬೇಡಿ. ಅವನು ಆಫೀಸಿಗೆ ಹೋದ ಮೇಲೆ ನೀವು ಅಡುಗೆಮನೆಯಲ್ಲೇ ಉಳಿಯಬೇಡಿ, ಕತ್ತಲೆ ನಿಮಗೂ ತಾಗುತ್ತದೆ. ದಿನಾ ಹನ್ನೊಂದಕ್ಕೆ ಹೊರಗೆ ಹೋಗಿ. ರಜೆ ದಿನ ಅವನನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ. ಅಲ್ಲಿ ಜನವರಿ ಕೊನೆಗೆ ಹಗಲು ಡಿಸೆಂಬರ್ ಕೊನೆಗಿಂತ ಒಂದೂವರೆ ಗಂಟೆಗೂ ಹೆಚ್ಚು ಉದ್ದ ಆಗಿರುತ್ತದೆ. ಮತ್ತೆ ಬಿಸುವಿಗೆ ಅವನು ಸರಿಯಾದ ಅಂದುಕೊಂಡು ಇದನ್ನು ಮರೆಯಬೇಡಿ. ಮುಂದಿನ ಸೆಪ್ಟೆಂಬರ್‌ನಲ್ಲೇ ಡಾಕ್ಟರನ್ನು ಒಮ್ಮೆ ಕಂಡು, ದೀಪ ಯಾವಾಗ ಶುರು ಮಾಡಬೇಕೆಂದು ಕೇಳಿಕೊಳ್ಳಲಿ. ಹೋಗಿ ಬಂದ ಮೇಲೆ ಹೇಗಿದ್ದಾನೆಂದು ನನಗೆ ಬರೆಯಿರಿ, ಹೆಸರು ಈ ಸಲದ ಹಾಗೇ ಹಾಕುವುದಿಲ್ಲ.

— ಸಂಪಾದಕ