ಹಂಗಿಸಿದರೆ ಛಲ ಹುಟ್ಟುತ್ತದೆಯೇ?

ಸೇಡಂನ ಓದುಗರೊಬ್ಬರು ಬರೆದಿದ್ದಾರೆ: ‘ಮಗ ಹತ್ತನೆಯ ತರಗತಿ. ಓದು ಎಂದರೆ ಓದುವುದಿಲ್ಲ. “ನೀನು ಪಾಸಾಗುವವನಲ್ಲ, ಪುಸ್ತಕ ಮಡಚಿಡು ಎಂದು ಹೇಳಿ ನೋಡಿ ವೈನಿ, ಹಟಕ್ಕೆ ಬಿದ್ದು ಓದುತ್ತಾನೆ” ಎಂದರು ಮೈದುನ. ದೀಪಾವಳಿಯಿಂದ ಹಾಗೆಯೇ ಹೇಳುತ್ತಿದ್ದೇನೆ. ಈಗ ಅವನು “ನೀನೇ ಹೇಳಿದೆಯಲ್ಲ” ಎಂದು ಮೊಬೈಲ್ ಹಿಡಿದು ಕೂರುತ್ತಾನೆ. ಇನ್ನೂ ಸ್ವಲ್ಪ ದಿನ ನೋಡಲೇ?’

ಬೇಡ ತಂಗಿ, ಇಂದೇ ನಿಲ್ಲಿಸಿ.

ಮೈದುನರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಹಾಲು ಒಲ್ಲೆ ಎನ್ನುವ ಮಗುವಿಗೆ ‘ಇದು ನಿನಗಲ್ಲ, ಅಣ್ಣನಿಗೆ’ ಎಂದರೆ ಲೋಟ ಕಸಿದುಕೊಳ್ಳುತ್ತದೆ. ತನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದರೆ ಮನುಷ್ಯ ತಿರುಗಿ ಬೀಳುತ್ತಾನೆ ಎಂದು ಅಮೆರಿಕದ ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲೇ ವಿವರಿಸಿದ್ದಾರೆ. ಫ್ರಾನ್ಸಿನ ಜನ ಆಲೂಗಡ್ಡೆ ಮುಟ್ಟದಿದ್ದ ಕಾಲದಲ್ಲಿ ಪಾರ್ಮೆಂಟಿಯೇ ಎಂಬಾತ ತನ್ನ ಹೊಲಕ್ಕೆ ಹಗಲು ಕಾವಲು ಹಾಕಿಸಿ ರಾತ್ರಿ ತೆಗೆಸುತ್ತಿದ್ದನಂತೆ. ಜನ ಕದ್ದೊಯ್ದು ನೆಟ್ಟರಂತೆ. ಕಥೆ ಸೊಗಸಾಗಿದೆ. ಆದರೆ ಆತ ಏರಿಸಿದ್ದು ಆಲೂಗಡ್ಡೆಯ ಬೆಲೆಯನ್ನು. ರೈತರನ್ನು ದಡ್ಡರೆಂದು ಹಂಗಿಸಲಿಲ್ಲ. ನೀವು ಹಳಿಯುತ್ತಿರುವುದು ಮಗನನ್ನು. ‘ಬೇಡ’ ಎಂದರೆ ಹುಡುಗ ಸಿಡಿದೇಳಬಹುದು. ‘ನಿನ್ನಿಂದಾಗದು’ ಎಂದರೆ ನಂಬಿಬಿಡುತ್ತಾನೆ, ಅದೂ ಹೆತ್ತವಳ ಬಾಯಿಂದ ಬಂದರೆ.

ಶಲ್ಯನನ್ನು ನೆನಪಿಸಿಕೊಳ್ಳಿ. ಕರ್ಣನ ಸಾರಥಿಯಾಗುವ ಪ್ರಸಂಗ ಬಂದರೆ ಅವನ ತೇಜಸ್ಸು ಕುಂದುವಂತೆ ಮಾಡು ಎಂದು ಧರ್ಮರಾಯ ಮೊದಲೇ ಬೇಡಿಕೊಂಡಿದ್ದ. ಶಲ್ಯ ಮಾಡಿದ್ದಿಷ್ಟೇ: ಕರ್ಣನನ್ನು ಹೀಯಾಳಿಸಿದ, ಅರ್ಜುನನನ್ನು ಹೊಗಳಿದ. ವೈರಿಗೆಂದು ಹುಡುಕಿದ ಆ ಉಪಾಯವನ್ನು ನಾವು ಮನೆಮಕ್ಕಳ ಮೇಲೆ ಪ್ರಯೋಗಿಸುತ್ತೇವೆ, ಪಕ್ಕದ ಮನೆಯ ಹುಡುಗನನ್ನು ಹೊಗಳುವುದೂ ಸೇರಿ!

ನಾನು ಓದಿದ ಶಾಲೆಯ ಮಾಸ್ತರರೊಬ್ಬರು ಹಿಂದಿನ ಸಾಲಿನ ಹುಡುಗರಿಗೆಲ್ಲ ‘ನಿಮಗೆ ತೊಗರಿ ರಾಶಿಯೇ ಗತಿ’ ಎನ್ನುತ್ತಿದ್ದರು. (ತೊಗರಿ ಕೀಳೆಂದು ಅವರು ಯಾಕೆ ತಿಳಿದರೋ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೇ ಸಿಕ್ಕಿತು.) ಅವರಲ್ಲೊಬ್ಬ ಮುಂದೆ ಎಂಜಿನಿಯರ್ ಆದ; ಸನ್ಮಾನದ ವೇದಿಕೆಯಲ್ಲಿ ‘ಗುರುಗಳು ಬೈದದ್ದೇ ಆಶೀರ್ವಾದವಾಯಿತು’ ಎಂದ, ಚಪ್ಪಾಳೆ ಬಿತ್ತು. ಎಂಟನೆಯ ತರಗತಿಗೇ ಶಾಲೆ ಬಿಟ್ಟವರನ್ನು ಆ ವೇದಿಕೆಗೆ ಯಾರೂ ಕರೆದಿರಲಿಲ್ಲ.

ಹಂಗಿಸುವುದರಿಂದ ಛಲ ಹುಟ್ಟುವುದು ನಿಜವಾಗಿದ್ದರೆ ನಮ್ಮ ಕಲ್ಯಾಣ ಕರ್ನಾಟಕ ಭಾಗ ರಾಜ್ಯಕ್ಕೇ ಮೊದಲಿರಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಫಲಿತಾಂಶ ಬಂದಾಗಲೆಲ್ಲ ನಮ್ಮ ಪಾಲಿಗೆ ಬರುವುದು ಗದರಿಕೆ ಮತ್ತು ಕುಹಕ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಹಂಗಿಸಲಿಲ್ಲ, ಎಣಿಸಿತು: ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು ಎಂದು ನೇರವಾಗಿ ಬರೆಯಿತು. ಕೊರತೆಯನ್ನು ಹಾಗೆ ಬೆರಳಿಟ್ಟು ತೋರಿಸಿದರೆ ತುಂಬಿಸಿ ಎಂದು ಕೇಳಬಹುದು. ‘ನೀವು ಹಿಂದುಳಿದವರು ಬಿಡಿ’ ಎಂದರೆ ಯಾವ ಕಚೇರಿಗೆ ಅರ್ಜಿ ಹಾಕುವುದು? ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಮೇಲೂ ನಮ್ಮ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿ ಬಿಟ್ಟು, ಮಕ್ಕಳಲ್ಲಿ ಛಲವಿಲ್ಲ ಎನ್ನುವವರಿಗಿಂತ ನಿಮ್ಮ ಮೈದುನರೇ ವಾಸಿ. ಅವರಿಗಾದರೂ ಹುಡುಗನ ಮೇಲೆ ಪ್ರೀತಿಯಿದೆ.

ಒಳ್ಳೆಯ ಕನ್ನಡ ಬರೆಯುತ್ತೀರಿ. ಮಗನೊಂದಿಗೂ ಅಷ್ಟೇ ಸರಳವಾಗಿ ಮಾತನಾಡಿ. ಇಷ್ಟು ದಿನ ಹೇಳಿದ್ದು ಸುಳ್ಳು, ಛಲ ಬರಲೆಂದು ಹೇಳಿದೆ ಎನ್ನಿ. ಗಣಿತವೋ ಇಂಗ್ಲಿಷೋ, ಯಾವುದು ತೊಡಕೆಂದು ಕೇಳಿ. ಮೈದುನರಿಗೆ ಲೆಕ್ಕ ಬರುತ್ತದೆಯಾದರೆ ಸಂಜೆ ಒಂದು ಗಂಟೆ ಅವರನ್ನೇ ಪಕ್ಕದಲ್ಲಿ ಕೂರಿಸಿ.