ರೇಡಿಯೋಹೆಡ್: ಮೊದಲು ಯಾವ ಆಲ್ಬಮ್ ಕೇಳಬೇಕು?

ಇಂಗ್ಲೆಂಡಿನ ರಾಕ್ ತಂಡವಾದ ರೇಡಿಯೋಹೆಡ್‌ನ 2000ದ ಆಲ್ಬಮ್ ‘ಕಿಡ್ ಎ’ಯನ್ನು ಮೊದಲು ಕೇಳಿದಿರಿ, ಆದರೆ ತಂಡ ಹಿಡಿಸಲಿಲ್ಲ ಎಂದು ನೀವು ಹೇಳಿದ್ದೀರಿ. ಹಿಡಿಸದಿರಲು ಕಾರಣ ‘ಕಿಡ್ ಎ’ಯಿಂದ ಆರಂಭಿಸಿದ್ದೇ ಇರಬೇಕು. ಗಿಟಾರನ್ನು ಬಹುಮಟ್ಟಿಗೆ ಬದಿಗಿರಿಸಿ ಸಿಂಥಸೈಜರ್ ಮತ್ತು ಎಲೆಕ್ಟ್ರಾನಿಕ್ ತಾಳಗಳತ್ತ ಹೊರಳಿದ ಆ ಆಲ್ಬಮ್, ಗಿಟಾರ್ ರಾಕ್ ನಿರೀಕ್ಷಿಸುವವರಿಗೆ ಸುಲಭವಾಗಿ ಒಲಿಯುವುದಿಲ್ಲ. ಮೊದಲು 1995ರ ‘ದಿ ಬೆಂಡ್ಸ್’ ಕೇಳಿರಿ. ಅನಂತರ 1997ರ ‘ಓಕೆ ಕಂಪ್ಯೂಟರ್’ ಅನ್ನು, ಹಾಡುಗಳ ಕ್ರಮ ಬದಲಿಸದೆ, ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು, ಒಂದೇ ಸಲಕ್ಕೆ ಪೂರ್ತಿಯಾಗಿ ಕೇಳಿರಿ. ಅದರಲ್ಲಿನ ಆರು ನಿಮಿಷಕ್ಕೂ ಮೀರಿದ ಹಾಡು ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಹಲವು ಭಾಗಗಳಲ್ಲಿ ತಿರುವು ಪಡೆಯುವ ಬಗೆಯನ್ನು ಗಮನಿಸಿದರೆ, ಈ ತಂಡ ಮುಂದೆ ಹಿಡಿದ ದಾರಿಯ ಸುಳಿವು ಅಲ್ಲಿಯೇ ಸಿಗುತ್ತದೆ. ಅಬ್ಬರಕ್ಕಿಂತ ಮೆಲುದನಿ ನಿಮಗೆ ಇಷ್ಟವಾದರೆ 2007ರ ‘ಇನ್ ರೇನ್‌ಬೋಸ್’ನಿಂದಲೂ ಆರಂಭಿಸಬಹುದು, ನಿಮ್ಮ ಅಭಿರುಚಿ ತಿಳಿಯದೆ ಇದನ್ನು ಖಚಿತವಾಗಿ ಹೇಳಲಾರೆ, ಆದರೆ ನನ್ನ ಮಟ್ಟಿಗೆ ಅದು ಅವರ ಅತ್ಯಂತ ಆತ್ಮೀಯ ಕೃತಿ. ‘ಕಿಡ್ ಎ’ಯನ್ನು ಇವುಗಳ ಬಳಿಕವೇ ಮತ್ತೆ ಕೈಗೆತ್ತಿಕೊಳ್ಳಿರಿ.